ವಕ್ರರೇಖೆಯ ಲೆಕ್ಕ: ಕೋಲಾರ ಸೀಮೆಯ ಗುಡಿ, ಗಣಕ ಮತ್ತು ವಾಸ್ತುಮಾದರಿ

ಬಾಗಿದ ಮೇಲ್ಮೈಗಳಿಂದ ಕೂಡಿದ ಕಟ್ಟಡವೊಂದನ್ನು ಗಣಕದಲ್ಲಿ ರೂಪಿಸಿ ಅದರ ಕಿರಿದಾದ ಪ್ರತಿಕೃತಿಯನ್ನು ತಯಾರಿಸುವ ಕೆಲಸವು ಮೊದಲ ನೋಟಕ್ಕೆ ತಂತ್ರಾಂಶದ ಸಮಸ್ಯೆಯಾಗಿ ಕಾಣುತ್ತದೆ. ಆದರೆ ಆ ಕೆಲಸಕ್ಕೆ ಕೈಹಾಕಿದವರನ್ನೆಲ್ಲ ತಡೆದು ನಿಲ್ಲಿಸುವುದು ರೇಖಾಗಣಿತ. ನೇರ ಗೋಡೆಯ ಕಟ್ಟಡಕ್ಕೆ ಉದ್ದ, ಅಗಲ, ಎತ್ತರಗಳು ಸಿಕ್ಕರೆ ಮಾದರಿಯ ಬಹುಭಾಗ ಸಿದ್ಧವಾದಂತೆಯೇ. ಗುಮ್ಮಟದ ಹೊರಮೈ, ಶಿಖರದ ಬಾಗು, ಕಪೋತದ ಇಳಿಜಾರು ಮುಂತಾದವುಗಳಲ್ಲಿ ದಿಕ್ಕು ಪ್ರತಿಯೊಂದು ಬಿಂದುವಿನಲ್ಲಿಯೂ ಬದಲಾಗುವುದರಿಂದ, ಎಷ್ಟು ಬಿಂದುಗಳನ್ನು ಅಳೆದರೂ ಎರಡು ಬಿಂದುಗಳ ನಡುವೆ ಏನಿದೆ ಎಂಬುದು ಊಹೆಯಾಗಿಯೇ ಉಳಿಯುತ್ತದೆ. ಈ ಊಹೆಯನ್ನು ಯಾವುದರ ಆಧಾರದ ಮೇಲೆ ಮಾಡಬೇಕು ಎಂಬ ವಿಷಯದಲ್ಲಿ ಎರಡು ದಾರಿಗಳಿವೆ. ಇರುವ ಮೇಲ್ಮೈಯನ್ನು ಸಾಧ್ಯವಾದಷ್ಟು ದಟ್ಟವಾಗಿ ಅಳೆದು ನಕಲು ಮಾಡುವುದು ಒಂದು. ಆ ಮೇಲ್ಮೈಯನ್ನು ಹುಟ್ಟಿಸಿದ ನಿಯಮವನ್ನು ಹುಡುಕಿ ಅದರಿಂದ ಮೇಲ್ಮೈಯನ್ನು ಮತ್ತೊಮ್ಮೆ ಹುಟ್ಟಿಸುವುದು ಇನ್ನೊಂದು. ಈ ಎರಡು ದಾರಿಗಳನ್ನೂ ಪರೀಕ್ಷಿಸಿ ನೋಡಲು ಬೇಕಾದ ಸಾಮಗ್ರಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಸಾಕಷ್ಟಿದೆ.

ಈ ಸೀಮೆಯ ನೆಲದ ಗುಣವನ್ನು ಮೊದಲು ಗಮನಿಸಬೇಕು. ಇಲ್ಲಿ ಸಿಗುವುದು ಗಟ್ಟಿ ಬೆಣಚುಕಲ್ಲು, ಅಂದರೆ ಗ್ರಾನೈಟ್. ಕೋಲಾರಮ್ಮನ ಗುಡಿಯಿಂದ ಹಿಡಿದು ನೊಳಂಬರ ಕಾಲದ ಆವನಿಯ ರಾಮಲಿಂಗೇಶ್ವರ ಗುಡಿಗಳ ಸಮೂಹದವರೆಗೆ, ಕುರುಡುಮಲೆಯ ಸೋಮೇಶ್ವರದಿಂದ ವಿಜಯನಗರ ಕಾಲದ ಕೋಲಾರದ ಸೋಮೇಶ್ವರದವರೆಗೆ, ಕಟ್ಟಿದವರು ಈ ಕಲ್ಲಿನ ಬಿಗಿಯೊಡನೆ ರಾಜಿ ಮಾಡಿಕೊಂಡೇ ಕಟ್ಟಿದ್ದಾರೆ. ಆದ್ದರಿಂದ ಬಾಗು ಎಂಬುದು ಇಲ್ಲಿ ಆಯ್ದ ಜಾಗಗಳಲ್ಲಿ ಮಾತ್ರ ಬರುತ್ತದೆ: ಅಧಿಷ್ಠಾನದಲ್ಲಿ, ಎಂದರೆ ಗೋಡೆಯನ್ನು ಹೊತ್ತ ಪೀಠದಲ್ಲಿ, ದುಂಡಾಗಿ ಹೊರಚಾಚುವ ಕುಮುದವೆಂಬ ಪಟ್ಟಿಕೆಯಲ್ಲಿ, ಗೋಡೆಯ ತುದಿಯಲ್ಲಿ ಮಳೆನೀರನ್ನು ಹೊರಕ್ಕೆ ಜಾರಿಸುವ ಕಪೋತವೆಂಬ ಬಾಗಿದ ಚಾಚಿನಲ್ಲಿ, ಆ ಕಪೋತದ ಮೇಲೆ ಅಲ್ಲಲ್ಲಿ ಮೂಡಿಸಿದ ಲಾಳದಾಕಾರದ ಕೂಡುಗಳಲ್ಲಿ. ಹೆಚ್ಚು ಬಳುಕುವ ರೂಪಗಳು ಬೇಕಾದಾಗ ಶಿಲ್ಪಿಗಳು ಕಲ್ಲನ್ನು ಬಿಟ್ಟು ಇಟ್ಟಿಗೆ ಮತ್ತು ಗಾರೆಯ ಮೊರೆಹೋದರು. ವಿಜಯನಗರ ಕಾಲದ ಗೋಪುರಗಳಲ್ಲಿ ಕೆಳಭಾಗ ಕಲ್ಲಿನದು, ಮೇಲ್ಭಾಗ ಇಟ್ಟಿಗೆ ಗಾರೆಯದು ಎಂಬ ಹಂಚಿಕೆ ಸಾಮಾನ್ಯವಾಗಿರುವುದಕ್ಕೆ ಭಾರದ ಲೆಕ್ಕದ ಜೊತೆಗೆ ಇದೂ ಒಂದು ಕಾರಣ. ಮಾದರಿ ಮಾಡುವವರಿಗೆ ಇದರಿಂದ ಒಂದು ಸೂಚನೆ ಸಿಗುತ್ತದೆ: ಕಲ್ಲಿನ ಬಾಗು ಸಾಮಾನ್ಯವಾಗಿ ಒಂದೇ ಅಡ್ಡಕೊಯ್ತವನ್ನು ಉದ್ದಕ್ಕೂ ಎಳೆದುದರಿಂದ ಬಂದದ್ದು, ಗಾರೆಯ ಬಾಗು ಕೈ ಹೋದಂತೆ ಬಂದದ್ದು. ಮೊದಲನೆಯದಕ್ಕೆ ನಿಯಮ ಸಾಕು, ಎರಡನೆಯದಕ್ಕೆ ಅಳತೆಯೇ ಬೇಕು.

ನಿಯಮದ ಮಹತ್ವವನ್ನು ತೋರಿಸಲು ವಾಸ್ತುಶಾಸ್ತ್ರದ ಪಾಠಗಳಲ್ಲಿ ಸಾಮಾನ್ಯವಾಗಿ ಉದಾಹರಿಸುವ ಕಟ್ಟಡ ಸಿಡ್ನಿಯ ಒಪೆರಾ ಹೌಸ್. 1957ರ ಸ್ಪರ್ಧೆಯಲ್ಲಿ ಗೆದ್ದ ಯೋರ್ನ್ ಉಟ್ಸೋನ್ ಅವರ ಚಿತ್ರದಲ್ಲಿ ಹಾಯಿಗಳಂತಹ ಚಿಪ್ಪುಗಳು ಕೈಗೆ ಬಂದಂತೆ ಬಳುಕಿದ್ದವು; ಅವುಗಳಿಗೆ ಲೆಕ್ಕ ಹೊಂದಿಸಲು ಎಂಜಿನಿಯರುಗಳು ವರ್ಷಗಟ್ಟಲೆ ಹೆಣಗಿದ ಮೇಲೆ, 1961ರ ಹೊತ್ತಿಗೆ, ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದಿಂದ ಕತ್ತರಿಸಿಕೊಳ್ಳಬಹುದೆಂಬ ಪರಿಹಾರ ಸಿಕ್ಕಿತು. ಬಾರ್ಸಿಲೋನಾದ ಸಗ್ರಾದಾ ಫಮೀಲಿಯಾ ಇಗರ್ಜಿಯ ಕಥೆ ಇದಕ್ಕಿಂತ ಬೋಧಪ್ರದವಾದದ್ದು. ಅದರ ವಾಸ್ತುಶಿಲ್ಪಿ ಗೌಡಿ ಬಿಟ್ಟುಹೋದ ಗಾರೆಯ ಮಾದರಿಗಳು 1936ರ ದೊಂಬಿಯಲ್ಲಿ ಚೂರಾದರೂ, ಅವುಗಳ ಮೇಲ್ಮೈಗಳು ಸರಳರೇಖೆಯೊಂದು ನಿಯಮಬದ್ಧವಾಗಿ ಚಲಿಸಿದಾಗ ಮೂಡುವ ಬಗೆಯವಾಗಿದ್ದುದರಿಂದ, 1979ರಿಂದ ಅಲ್ಲಿ ದುಡಿದ ಮಾರ್ಕ್ ಬರಿ ಮತ್ತು ಸಂಗಡಿಗರು ಚೂರುಗಳಿಂದಲೇ ನಿಯಮವನ್ನು ಓದಿ ಗಣಕದಲ್ಲಿ ರೂಪವನ್ನು ಮರಳಿ ಪಡೆಯಲು ಸಾಧ್ಯವಾಯಿತು. ಇದಕ್ಕೆ ತದ್ವಿರುದ್ಧವಾಗಿ, 1997ರಲ್ಲಿ ತೆರೆದ ಬಿಲ್ಬಾವೊದ ಗುಗ್ಗನ್‌ಹೈಮ್ ಸಂಗ್ರಹಾಲಯದಲ್ಲಿ ಕೈಯಿಂದ ಮಾಡಿದ ಮಾದರಿಯೇ ಮೂಲವಾಗಿತ್ತು. ಅದನ್ನು ಬಿಂದುಬಿಂದುವಾಗಿ ಅಳೆದು, ವಿಮಾನ ತಯಾರಿಕೆಗಾಗಿ ಹುಟ್ಟಿದ ಕ್ಯಾಟಿಯಾ ತಂತ್ರಾಂಶಕ್ಕೆ ತುಂಬಲಾಯಿತು. ಅಲ್ಲಿ ನಿಯಮ ಇರಲೇ ಇಲ್ಲವಾದ್ದರಿಂದ ನಕಲೊಂದೇ ದಾರಿಯಾಗಿತ್ತು.

ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆ ಅತ್ಯಂತ ಜಟಿಲವಾದ ರೂಪದಲ್ಲಿ ಎದುರಾದದ್ದು ವೆಂಕಟಾಪುರದ ಗುಡಿಯ ಯೋಜನೆಯಲ್ಲಿ. ಹೊಯ್ಸಳ ಶೈಲಿಯಲ್ಲಿ ಹೊಸದಾಗಿ, ಅದೂ 108 ಅಡಿಗಳ ಎತ್ತರಕ್ಕೆ, ದೇವಾಲಯವೊಂದನ್ನು ಕಟ್ಟಬೇಕೆಂಬ ಸಂಕಲ್ಪದಿಂದ ಶ್ರೀ ಕಲ್ಯಾಣ ವೆಂಕಟೇಶ್ವರ ಹೊಯ್ಸಳ ಆರ್ಟ್ ಫೌಂಡೇಶನ್ ಎಂಬ ಸಂಸ್ಥೆಯು ಅದರ ವಿನ್ಯಾಸವನ್ನು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಡಂ ಹಾರ್ಡಿ ಅವರಿಗೆ ವಹಿಸಿತು. ಕರ್ಣಾಟ ದ್ರಾವಿಡ ಪರಂಪರೆಯ ಬಗ್ಗೆ 1995ರಲ್ಲಿ ಗ್ರಂಥ ಪ್ರಕಟಿಸಿದ್ದ ಹಾರ್ಡಿ, ಏಳನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗಿನ ಗುಡಿಗಳ ರೂಪವಿಕಾಸವನ್ನು ಒಂದೊಂದೇ ಅಂಗವನ್ನು ಬಿಡಿಸಿ ತೋರಿಸಿದವರು. ಅವರ ವಾದದ ಸಾರವೆಂದರೆ, ಭಾರತೀಯ ದೇವಾಲಯವು ಚಿಕ್ಕ ಚಿಕ್ಕ ದೇವಾಲಯಗಳ ರೂಪಗಳಿಂದಲೇ ಕಟ್ಟಲ್ಪಟ್ಟಿದೆ ಎಂಬುದು: ಮೂಲೆಯಲ್ಲಿ ಚೌಕ ತಳದ ಕೂಟ, ನಡುವೆ ಉದ್ದ ಚಾವಣಿಯ ಶಾಲೆ, ನಡುನಡುವೆ ಕಿರಿದಾದ ಪಂಜರ, ಇವೆಲ್ಲ ಒಂದೊಂದೂ ತಳ, ಗೋಡೆ, ಚಾವಣಿಗಳಿರುವ ಪೂರ್ಣ ಗುಡಿಯ ಪ್ರತಿರೂಪಗಳು. ಡಚ್ ವಿದ್ವಾಂಸ ಗೆರಾರ್ಡ್ ಫೋಕೆಮಾ 2003ರಲ್ಲಿ ಕರ್ನಾಟಕದ ಗುಡಿಗಳನ್ನು ಕುರಿತು ಬರೆದ ಪುಸ್ತಕಕ್ಕೆ ಇಟ್ಟ ಹೆಸರಿನ ಅರ್ಥವೇ ವಾಸ್ತುವಿನಿಂದ ಅಲಂಕೃತವಾದ ವಾಸ್ತು ಎಂದು. ಹೀಗೆ ನೋಡಿದರೆ ಹೊಯ್ಸಳ ಶಿಖರವು ತನ್ನದೇ ಮಾದರಿಗಳನ್ನು ತನ್ನ ಮೈಮೇಲೆ ಹೊತ್ತ ಕಟ್ಟಡ; ಅದರ ಚಿಕ್ಕ ಮಾದರಿ ಮಾಡುವುದೆಂದರೆ ಮಾದರಿಗಳ ಮಾದರಿ ಮಾಡಿದಂತೆ.

ಗಣಕದ ಕೆಲಸಕ್ಕೆ ಈ ತಿಳಿವಳಿಕೆ ನೇರವಾಗಿ ಒದಗುತ್ತದೆ. ಹೊಯ್ಸಳ ಶಿಖರ ದೂರದಿಂದ ಬಾಗಿದ ಒಂದೇ ಹೊರಗೆರೆಯಾಗಿ ಕಂಡರೂ, ಹತ್ತಿರ ಹೋದರೆ ಅದು ತಳದ ಮೇಲೆ ತಳವಾಗಿ, ಎಂದರೆ ಅಂತಸ್ತಿನ ಮೇಲೆ ಅಂತಸ್ತಾಗಿ, ಕಿರಿದಾಗುತ್ತ ಏರುವ ಕೂಟಗಳ ಸಾಲು. ಬಾಗು ಎಂಬುದು ಆ ಕೂಟಗಳ ಮೂಗುತುದಿಗಳನ್ನು ಕಣ್ಣು ಸೇರಿಸಿಕೊಂಡು ಕಂಡ ಗೆರೆ. ಆದ್ದರಿಂದ ಬಾಗನ್ನೇ ಮೊದಲು ಎಳೆದು ಅದರ ಮೇಲೆ ಅಲಂಕಾರವನ್ನು ಅಂಟಿಸಹೊರಟರೆ ಮಾದರಿ ಸಕ್ಕರೆಯ ಅಚ್ಚಿನಂತೆ ಮೊಂಡಾಗುತ್ತದೆ. ಒಂದು ಕೂಟವನ್ನು ಸರಿಯಾಗಿ ರಚಿಸಿ, ಅದನ್ನು ಸುತ್ತಲೂ ಹರಡಿ, ಮೇಲಿನ ತಳಕ್ಕೆ ಹೋಗುವಾಗ ಅಗಲ ಎತ್ತರಗಳನ್ನು ಎಷ್ಟು ಪಾಲು ಕುಗ್ಗಿಸಬೇಕೆಂಬ ಒಂದೆರಡು ಅಂಕಿಗಳನ್ನು ಕೊಟ್ಟರೆ, ಬಾಗು ತಾನಾಗಿ ಮೂಡುತ್ತದೆ. ರೈನೋ ತಂತ್ರಾಂಶದ ಜೊತೆಗೆ ಬರುವ ಗ್ರಾಸ್‌ಹಾಪರ್‌ನಂತಹ ಸಾಧನಗಳು ಮಾಡುವುದು ಇದನ್ನೇ. ಇವುಗಳಲ್ಲಿ ರೂಪವನ್ನು ಬರೆಯುವ ಬದಲು ರೂಪದ ನಿಯಮವನ್ನು ಬರೆಯಲಾಗುತ್ತದೆ, ಅಂಕಿಯೊಂದನ್ನು ಬದಲಿಸಿದರೆ ಇಡೀ ಶಿಖರ ತನ್ನನ್ನು ತಿದ್ದಿಕೊಳ್ಳುತ್ತದೆ. ಇಂತಹ ರಚನೆಯನ್ನು ಪರಿಮಾಣಾಧೀನ ಮಾದರಿ ಎನ್ನಬಹುದು. ಉತ್ತರದ ನಾಗರ ಶಿಖರಗಳ ಬಾಗನ್ನು ಇದೇ ಬಗೆಯಲ್ಲಿ ಗಣಕದಿಂದ ಪುನಾರಚಿಸುವ ಕೆಲಸವನ್ನು ಸಂಬಿತ್ ದತ್ತ ಮಾಡಿದ್ದಾರೆ.

ತಲವಿನ್ಯಾಸದಲ್ಲಿಯೂ ಇಂಥದೇ ಸರಳತೆ ಅಡಗಿದೆ. ನಕ್ಷತ್ರಾಕಾರದ ತಳವನ್ನು ಮೂಲೆ ಮೂಲೆಯಾಗಿ ಅಳೆದು ಬರೆಯುವವರು ಬೇಗ ದಣಿಯುತ್ತಾರೆ. ಚೌಕವೊಂದನ್ನು ಅದರ ನಡುಬಿಂದುವಿನ ಸುತ್ತ 22.5 ಡಿಗ್ರಿಗಳಂತೆ ತಿರುಗಿಸುತ್ತ ನಾಲ್ಕು ಸಲ ಇಟ್ಟರೆ ಹದಿನಾರು ಮೂಲೆಗಳ ನಕ್ಷತ್ರ ಬರುತ್ತದೆ, 15 ಡಿಗ್ರಿಗಳಂತೆ ಆರು ಸಲ ಇಟ್ಟರೆ ಡಂಬಳದ ದೊಡ್ಡಬಸಪ್ಪ ಗುಡಿಯ ಇಪ್ಪತ್ತನಾಲ್ಕು ಮೂಲೆಗಳು ಬರುತ್ತವೆ. ವಿಜಯಪುರದ ಗೋಳಗುಮ್ಮಟದ ಒಳಗೆ ಗುಮ್ಮಟವನ್ನು ಹೊತ್ತ ಕಮಾನುಗಳ ಹೆಣಿಗೆಯೂ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಿಂದ ಹುಟ್ಟಿದ್ದು ಎಂಬುದನ್ನು ಇಲ್ಲಿ ನೆನೆಯಬಹುದು. ಮತ, ಕಾಲ, ಸಾಮಗ್ರಿಗಳು ಬೇರೆಬೇರೆ. ದಾರ ಮತ್ತು ಗೂಟ ಎರಡೂ ಕಡೆ ಅವೇ.

ವೆಂಕಟಾಪುರದಂತಹ ಯೋಜನೆಗೆ ಅಳತೆಯ ನಕಲು ಸಾಲದೆನ್ನಲು ಇನ್ನೂ ಒಂದು ಕಾರಣವಿದೆ. ಬೇಲೂರು, ಹಳೇಬೀಡುಗಳ ಮುಖ್ಯ ಗುಡಿಗಳ ಮೇಲೆ ಇಂದು ಶಿಖರಗಳಿಲ್ಲ. ಶಿಖರ ಉಳಿದಿರುವ ಸೋಮನಾಥಪುರ, ಅರಸೀಕೆರೆ, ದೊಡ್ಡಗದ್ದವಳ್ಳಿಗಳ ಗುಡಿಗಳು ಗಾತ್ರದಲ್ಲಿ ಚಿಕ್ಕವು. ನಕಲು ಮಾಡಲು ಅಷ್ಟು ಎತ್ತರದ ಮೂಲವೇ ಇಲ್ಲದಿರುವಾಗ, ಚಿಕ್ಕ ಗುಡಿಯನ್ನು ಅಳೆದು ಮೂರು ಪಟ್ಟು ಹಿಗ್ಗಿಸಿದರೆ ಕೂಟಗಳೂ ಮೂರು ಪಟ್ಟು ಊದಿಕೊಂಡು, ನೋಡುವವರ ಕಣ್ಣಿಗೆ ಎತ್ತರದ ಬದಲು ದಪ್ಪವೇ ಕಾಣುತ್ತದೆ. ಪರಂಪರೆಯ ಉತ್ತರ ಬೇರೆ: ಎತ್ತರ ಬೇಕಾದರೆ ತಳಗಳನ್ನು ಹೆಚ್ಚಿಸಬೇಕು. ತಳ ಹೆಚ್ಚಿದಂತೆ ಕುಗ್ಗುವ ಪಾಲು ಬದಲಾಗಬೇಕು, ಪಾಲು ಬದಲಾದಂತೆ ಬಾಗೂ ಬದಲಾಗಬೇಕು. ಈ ಸರಪಳಿಯನ್ನು ಕೈಯಿಂದ ಬರೆದು ನೋಡುವುದು ವಿಶ್ಲೇಷಣಾ ಚಿತ್ರಗಳಿಗೆ ಹೆಸರಾದ ಹಾರ್ಡಿಯಂತಹವರಿಗೂ ಸುದೀರ್ಘ ಕೆಲಸ. ಗಣಕದಲ್ಲಿ ನಿಯಮವಾಗಿ ಬರೆದಿಟ್ಟಿದ್ದರೆ ಹತ್ತಾರು ಪರ್ಯಾಯಗಳನ್ನು ಒಂದು ಮಧ್ಯಾಹ್ನದಲ್ಲಿ ನೋಡಬಹುದು. ಆದರೆ ಯಾವ ಪರ್ಯಾಯ ಸರಿ ಎಂದು ಆರಿಸುವ ಕಣ್ಣನ್ನು ಗಣಕ ಕೊಡುವುದಿಲ್ಲ.

ಕೋಲಾರ ಜಿಲ್ಲೆಯದೇ ಆದ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಗಳ ಲಿಂಗವಿದೆ. ಎತ್ತರ ವೆಂಕಟಾಪುರದ ಗುಡಿಯದೇ, ಮೇಲ್ಮೈಯೂ ಬಾಗಿದ್ದೇ. ಆದರೆ ಅದನ್ನು ಗಣಕದಲ್ಲಿ ರಚಿಸಲು ಅರ್ಧ ಅಡ್ಡಕೊಯ್ತದ ಒಂದು ಗೆರೆಯನ್ನು ಬರೆದು ಅಕ್ಷದ ಸುತ್ತ ತಿರುಗಿಸಿದರೆ ಸಾಕು, ಕುಂಬಾರನ ತಿಗರಿಯ ಮೇಲೆ ಮಡಕೆ ಏಳುವಂತೆ ರೂಪ ಏಳುತ್ತದೆ. ಕಟ್ಟಡದ ಜಟಿಲತೆ ಅದರ ಗಾತ್ರದಲ್ಲಾಗಲಿ ಬಾಗಿನಲ್ಲಾಗಲಿ ಇಲ್ಲ, ಅದನ್ನು ಹೇಳಲು ಬೇಕಾದ ನಿಯಮಗಳ ಸಂಖ್ಯೆಯಲ್ಲಿದೆ ಎಂಬುದಕ್ಕೆ ಒಂದೇ ಎತ್ತರದ ಈ ಎರಡು ರಚನೆಗಳಿಗಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಇನ್ನು ಅಳೆದು ನಕಲು ಮಾಡುವ ದಾರಿಯ ಕಡೆಗೆ. ಅದರಲ್ಲಿ ಇಂದು ಎರಡು ವಿಧಾನಗಳು ಬಳಕೆಯಲ್ಲಿವೆ. ಲೇಸರ್ ಸ್ಕ್ಯಾನರ್ ಬೆಳಕಿನ ಕಿರಣವನ್ನು ಕಳುಹಿಸಿ ಮರಳಿ ಬಂದುದರಿಂದ ದೂರವನ್ನು ಲೆಕ್ಕ ಹಾಕಿ ಕೋಟಿಗಟ್ಟಲೆ ಬಿಂದುಗಳನ್ನು ದಾಖಲಿಸುತ್ತದೆ. ಫೋಟೋಗ್ರಾಮೆಟ್ರಿ ಎಂಬ ಚಿತ್ರಮಾಪನ ವಿಧಾನದಲ್ಲಿ ಒಂದೇ ವಸ್ತುವನ್ನು ನಾನಾ ಕಡೆಗಳಿಂದ ತೆಗೆದ ನೂರಾರು ಛಾಯಾಚಿತ್ರಗಳನ್ನು ಹೋಲಿಸಿ ಗಣಕವೇ ಬಿಂದುಗಳ ಸ್ಥಾನವನ್ನು ಕಂಡುಹಿಡಿಯುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಕಾಪಿಡುವ ಯೋಜನೆ ನಡೆಸುತ್ತಿರುವುದು ಈ ಸಾಧನಗಳ ಸಾರ್ಥಕ ಬಳಕೆಗೆ ಉದಾಹರಣೆ, 1905ರಲ್ಲಿ ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ ಓದುಗರಿಗೆ ದೊರೆತದ್ದು ಅಕ್ಷರ, ಇಂದಿನ ಸ್ಕ್ಯಾನಿನಲ್ಲಿ ದೊರೆಯುವುದು ಕಲ್ಲಿನ ಮೈ. ಸವೆದ ಅಕ್ಷರಕ್ಕೆ, ಗಾರೆಯ ವಿಗ್ರಹಕ್ಕೆ, ಮುಕ್ಕಾದ ಕಂಬಕ್ಕೆ ಇದಕ್ಕಿಂತ ನಿಷ್ಠವಾದ ದಾಖಲೆ ಮತ್ತೊಂದಿಲ್ಲ.

ವಾಸ್ತುಮಾದರಿಗೆ ಬಂದಾಗ ಮಾತ್ರ ಈ ನಿಷ್ಠೆಯೇ ತೊಡಕಾಗುತ್ತದೆ. ಬಿಂದುಗಳ ಮೋಡದಿಂದ ಸಿಗುವುದು ತ್ರಿಕೋನಗಳ ಜಾಲ, ಅಂದರೆ ಮೆಶ್. ಕುಮುದ ಎಲ್ಲಿ ಮುಗಿದು ಅದರ ಮೇಲಿನ ಕಂಠವೆಂಬ ಪಟ್ಟಿಕೆ ಎಲ್ಲಿ ಮೊದಲಾಯಿತು, ಈ ಬಿರುಕು ಕಾಲದ್ದೋ ಶಿಲ್ಪಿಯದೋ ಎಂಬ ವಿವೇಚನೆ ಅದಕ್ಕಿಲ್ಲ. ಕಪೋತದ ಮೇಲಿನ ಪಾರಿವಾಳದ ಗೂಡನ್ನೂ ಅದು ಕಪೋತದಷ್ಟೇ ಗೌರವದಿಂದ ದಾಖಲಿಸುತ್ತದೆ. ಕುರುಡುಮಲೆಯ ಸೋಮೇಶ್ವರದ ಅರ್ಧವನ್ನು ಜಕಣಾಚಾರಿ, ಉಳಿದರ್ಧವನ್ನು ಅವನ ಮಗ ಡಂಕಣಾಚಾರಿ ಕೆತ್ತಿದರೆಂಬುದು ಐತಿಹ್ಯ. ಐತಿಹ್ಯ ನಿಜವೋ ಅಲ್ಲವೋ, ಒಂದೇ ಕಟ್ಟಡದಲ್ಲಿ ಎರಡು ಕೈಗಳನ್ನು ಜನರ ಕಣ್ಣು ಗುರುತಿಸಿತ್ತು ಎಂಬುದಂತೂ ಅದರಿಂದ ಗೊತ್ತಾಗುತ್ತದೆ. ತ್ರಿಕೋನಜಾಲಕ್ಕೆ ಅಂಥ ಕಣ್ಣಿಲ್ಲ. ಆದ್ದರಿಂದ ಅನುಭವಿಗಳು ಸ್ಕ್ಯಾನನ್ನು ಹಿನ್ನೆಲೆಯಲ್ಲಿಟ್ಟುಕೊಂಡು ಅದರ ಮೇಲೆ ನಿಯಮಬದ್ಧ ರೂಪವನ್ನು ಹೊಸದಾಗಿ ಎಳೆಯುತ್ತಾರೆ, ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಂತು ಯೋಚಿಸುತ್ತಾರೆ. ಶ್ರಮ ಹೆಚ್ಚಾದರೂ ವಾಸ್ತುಮಾದರಿಯ ಮಟ್ಟಿಗೆ ಸರಿಯಾದ ಕ್ರಮ ಇದೇ: ನಿಯಮ ಮೊದಲು, ಅಳತೆ ಅದನ್ನು ತಿದ್ದಲು.

ಗಣಕದೊಳಗೆ ಬಾಗನ್ನು ಹಿಡಿದಿಡುವ ಬಗೆಯೂ ಎರಡಾಗಿದೆ. ನರ್ಬ್ಸ್ ಎಂಬ ಗಣಿತ ವಿಧಾನದಲ್ಲಿ ಕೆಲವೇ ನಿಯಂತ್ರಣ ಬಿಂದುಗಳು ಬಾಗನ್ನು ಆಳುತ್ತವೆ, ಮತ್ತು ಬಾಗು ಎಷ್ಟು ಹತ್ತಿರದಿಂದ ನೋಡಿದರೂ ನುಣುಪಾಗಿಯೇ ಇರುತ್ತದೆ. ತ್ರಿಕೋನಜಾಲದಲ್ಲಿ ಬಾಗು ಎಂಬುದು ಚಿಕ್ಕ ಚಿಕ್ಕ ನೇರ ತುಣುಕುಗಳ ಮೊತ್ತ. ತ್ರೀಡಿ ಪ್ರಿಂಟರಿಗೆ ಕಳುಹಿಸುವ ಎಸ್‌ಟಿಎಲ್ ಕಡತದಲ್ಲಿ ತ್ರಿಕೋನಗಳಷ್ಟೇ ಇರುವುದರಿಂದ, ಮೊದಲು ಹೇಗೆ ರಚಿಸಿದರೂ ಕೊನೆಗೆ ತುಣುಕು ಮಾಡಲೇಬೇಕು. ಎಷ್ಟು ತುಣುಕು ಎಂಬುದಕ್ಕೆ ಚಿಕ್ಕ ಲೆಕ್ಕವಿದೆ. ಮಾದರಿಯಲ್ಲಿ 5 ಸೆಂಟಿಮೀಟರ್ ತ್ರಿಜ್ಯವಿರುವ ಗುಮ್ಮಟದ ಸುತ್ತಳತೆಯನ್ನು 24 ತುಣುಕುಗಳಾಗಿ ಒಡೆದರೆ, ಅಂದರೆ ಸ್ಕೆಚಪ್ ತಂತ್ರಾಂಶವು ವೃತ್ತಕ್ಕೆ ತಾನಾಗಿ ಕೊಡುವಷ್ಟಕ್ಕೆ ಬಿಟ್ಟರೆ, ನಿಜವಾದ ಬಾಗಿಗೂ ನೇರ ತುಣುಕಿಗೂ ನಡುವೆ 0.43 ಮಿಲಿಮೀಟರಿನಷ್ಟು ಅಂತರ ಉಳಿದು, ಬೆರಳಾಡಿಸಿದರೆ ಏಣುಗಳು ತಾಕುತ್ತವೆ. 72 ತುಣುಕುಗಳಾದರೆ ಆ ಅಂತರ 0.05 ಮಿಲಿಮೀಟರಿಗೆ ಇಳಿದು ಪ್ರಿಂಟರಿನ ಅಂಕೆಯನ್ನೂ ಮೀರುತ್ತದೆ. ಅದಕ್ಕಿಂತ ಹೆಚ್ಚು ಒಡೆದರೆ ಕಡತ ಭಾರವಾಗುವುದಷ್ಟೇ ಲಾಭ.

ಮಾದರಿಯ ಪ್ರಮಾಣವೇ ಎಲ್ಲಕ್ಕಿಂತ ಕಟ್ಟುನಿಟ್ಟಾದ ಯಜಮಾನ. 108 ಅಡಿ, ಅಂದರೆ ಸುಮಾರು 33 ಮೀಟರಿನ ಗುಡಿ ನೂರಕ್ಕೊಂದರ ಪ್ರಮಾಣದಲ್ಲಿ 33 ಸೆಂಟಿಮೀಟರ್, ಐವತ್ತಕ್ಕೊಂದರಲ್ಲಿ 66 ಸೆಂಟಿಮೀಟರ್ ಆಗುತ್ತದೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ಹಾಕುವ ಸಾಮಾನ್ಯ ಪ್ರಿಂಟರಿನ ಮೂತಿಯ ರಂಧ್ರ 0.4 ಮಿಲಿಮೀಟರ್, ನೂರಕ್ಕೊಂದರ ಮಾದರಿಯಲ್ಲಿ ಅದು ಕಟ್ಟಡದ 4 ಸೆಂಟಿಮೀಟರಿಗೆ ಸಮ. ಹೊಯ್ಸಳ ಕುಸುರಿಯ ಸೊಗಸೆಲ್ಲ ಆ 4 ಸೆಂಟಿಮೀಟರಿಗಿಂತ ಕಿರಿದಾದ ಮಣಿ, ಎಸಳು, ಬಳ್ಳಿಗಳಲ್ಲಿರುವುದರಿಂದ, ಕಟ್ಟಡದ ಕಡತವನ್ನು ಹಾಗೆಯೇ ಕುಗ್ಗಿಸಿ ಮುದ್ರಿಸಿದರೆ ಹಾರ ಗೀರಾಗುತ್ತದೆ, ಮುಖ ಉಂಡೆಯಾಗುತ್ತದೆ. ಬೆಳಕಿನಿಂದ ಗಟ್ಟಿಯಾಗುವ ರಾಳವನ್ನು ಬಳಸುವ ಪ್ರಿಂಟರುಗಳು ಇದಕ್ಕಿಂತ ಬಹು ಸೂಕ್ಷ್ಮವಾದರೂ ಅವುಗಳಿಗೂ ಒಂದು ಮಿತಿಯಿದೆ. ಪದರಗಳಿಂದಾಗಿ ಇನ್ನೊಂದು ದೋಷವೂ ಸೇರಿಕೊಳ್ಳುತ್ತದೆ: ಗುಮ್ಮಟದ ನೆತ್ತಿಯಂತೆ ನೆಲಕ್ಕೆ ಸಮಾಂತರವಾಗುತ್ತ ಬರುವ ಬಾಗುಗಳಲ್ಲಿ ಪದರಗಳ ಅಂಚು ಹೊಲದ ಬದುಗಳಂತೆ ಎದ್ದು ಕಾಣುತ್ತದೆ. ಆದ್ದರಿಂದ ಮಾದರಿಗೆ ಬೇಕಾದ ಗಣಕರೂಪವನ್ನು ಕಟ್ಟಡದ ಗಣಕರೂಪದಿಂದ ಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಅಲ್ಲಿ ತೆಳುವಾದದ್ದನ್ನು ದಪ್ಪ ಮಾಡಬೇಕು, ನೂರು ಮಣಿಗಳಿದ್ದ ಕಡೆ ಮೂವತ್ತನ್ನಿಟ್ಟು ನೂರರ ಭಾವ ಹುಟ್ಟಿಸಬೇಕು, ಕಳಸವನ್ನು ಹಿತ್ತಾಳೆಯಲ್ಲಿ ಬೇರೆಯಾಗಿ ಕಡೆದು ಕೂಡಿಸಬೇಕು.

ಮುದ್ರಣಕ್ಕೆ ಕಳುಹಿಸುವ ಜಾಲ ಎಲ್ಲಿಯೂ ತೂತಿಲ್ಲದೆ ಮುಚ್ಚಿಕೊಂಡಿರಬೇಕು, ಒಳಗು ಹೊರಗುಗಳು ಸ್ಪಷ್ಟವಾಗಿರಬೇಕು ಎಂಬುದು ಹೊಸಬರೆಲ್ಲ ಎಡವುವ ಮೆಟ್ಟಿಲು. ರಾಳದ ಮಾದರಿಯನ್ನು ಉಳಿತಾಯಕ್ಕಾಗಿ ಟೊಳ್ಳು ಮಾಡಿದಾಗ ಬಸಿಯಲು ಕಂಡಿ ಬಿಡದಿದ್ದರೆ ಗಟ್ಟಿಯಾಗದ ರಾಳ ಒಳಗೇ ಉಳಿದು, ಕೆಲವು ವಾರಗಳ ಮೇಲೆ ಮೈ ಬಿರಿದು ಸೋರುತ್ತದೆ. ಜಕಣಾಚಾರಿಯ ವಿಗ್ರಹದ ಹೊಟ್ಟೆಯಲ್ಲಿ ನೀರೂ ಕಪ್ಪೆಯೂ ಇದೆಯೆಂದು ಡಂಕಣ ತೋರಿಸಿಕೊಟ್ಟ ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಈ ಕೆಲಸದವರಿಗೆ ವಿಶೇಷವಾಗಿ ಹತ್ತಿರವೆನಿಸಬೇಕು.

ಈ ಎಲ್ಲ ಲೆಕ್ಕಾಚಾರಕ್ಕೆ ಹೊಂದುವ ಜ್ಞಾನವೊಂದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಬೇರೆ ಭಾಷೆಯಲ್ಲಿ ಬಳಕೆಯಲ್ಲಿದೆ. ಕಲ್ಲು ಮತ್ತು ಪಂಚಲೋಹದ ವಿಗ್ರಹಗಳಿಗೆ ಹೆಸರಾದ ಈ ಊರಿನ ಶಿಲ್ಪಿಗಳು ಅನುಸರಿಸುವ ತಾಳಮಾನದಲ್ಲಿ ಅಳತೆ ಎಂಬುದು ಗಜಕಡ್ಡಿಗೆ ಕಟ್ಟುಬಿದ್ದಿಲ್ಲ. ವಿಗ್ರಹದ ಮುಖದ ಉದ್ದ ಒಂದು ತಾಳ, ತಾಳದ ಹನ್ನೆರಡನೆಯ ಒಂದು ಪಾಲು ಅಂಗುಲ, ಅಂಗುಲದ ಎಂಟನೆಯ ಒಂದು ಪಾಲು ಯವ. ನವತಾಳದ ವಿಗ್ರಹ 108 ಅಂಗುಲ. ವಿಗ್ರಹ ಗೇಣುದ್ದವಿರಲಿ ಆಳೆತ್ತರವಿರಲಿ, ಅಂಗುಲ ಅದರೊಡನೆಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಗ್ರಾಸ್‌ಹಾಪರಿನಲ್ಲಿ ಒಂದು ಮೂಲಮಾನವನ್ನು ಹಿಡಿದು ಉಳಿದುದೆಲ್ಲವನ್ನೂ ಅದರ ಪಾಲಾಗಿ ಬರೆಯುವ ಕ್ರಮಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಪಂಚಲೋಹದ ಎರಕದಲ್ಲಿ ಮೊದಲು ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣಿನ ಕವಚ ಹಾಕಿ, ಮೇಣವನ್ನು ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವಾಗ, ಒಳಮೈಯ ದಪ್ಪ, ಲೋಹ ಹರಿಯುವ ದಾರಿ, ಗಾಳಿ ಹೊರಹೋಗುವ ಕಂಡಿ ಇವುಗಳ ಬಗ್ಗೆ ಎರಕದವರು ವಹಿಸುವ ಎಚ್ಚರವೇ ಪ್ರಿಂಟರಿನ ಮುಂದೆಯೂ ಬೇಕಾದದ್ದು. ಇಂತಹ ಕೈಗಳನ್ನು ಬಿಟ್ಟು, ತಂತ್ರಾಂಶ ಬಲ್ಲವರನ್ನು ಮಾತ್ರ ಕೂರಿಸಿಕೊಂಡು ಗುಡಿಯ ಮಾದರಿ ಮಾಡಹೊರಡುವುದು ಸಾಮಾನ್ಯವಾಗಿ ಕಂಡುಬರುವ ಅವಿವೇಕ.

ಮಾದರಿಯ ಉಪಯೋಗ ದಾನಿಗಳಿಗೆ ತೋರಿಸುವಲ್ಲಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಭೋಪಾಲದ ಬಳಿಯ ಭೋಜಪುರದಲ್ಲಿ, ಪೂರ್ಣಗೊಳ್ಳದ ಶಿವಾಲಯದ ಸುತ್ತಣ ಬಂಡೆಗಳ ಮೇಲೆ ಹನ್ನೊಂದನೆಯ ಶತಮಾನದ ಸ್ಥಪತಿಗಳು ಕೊರೆದ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಹಾರ್ಡಿ 2015ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವುಗಳನ್ನು ಸಮರಾಂಗಣ ಸೂತ್ರಧಾರವೆಂಬ ವಾಸ್ತುಗ್ರಂಥದೊಡನೆ ಇಟ್ಟು ಓದಿದ್ದಾರೆ. ಕಟ್ಟುವವರಿಗೆ ಚಿಕ್ಕ ಮಾದರಿಗಿಂತ ಹೆಚ್ಚಾಗಿ ಬೇಕಾದದ್ದು ಅಂಗಗಳ ನಿಜಗಾತ್ರದ ಗೆರೆ ಎಂಬುದನ್ನು ಇಂತಹ ಚಿತ್ರಗಳು ನೆನಪಿಸುತ್ತವೆ. ನಿಯಮವಾಗಿ ಬರೆದ ಗಣಕರೂಪದ ನಿಜವಾದ ಲಾಭವೂ ಇಲ್ಲಿದೆ: ಅದೇ ಕಡತದಿಂದ ನೂರಕ್ಕೊಂದರ ಗುಡಿಯೂ ಬರುತ್ತದೆ, ಮೂರನೆಯ ತಳದ ಕಪೋತದ ಪೂರ್ಣಗಾತ್ರದ ಅಡ್ಡಕೊಯ್ತವೂ ಬರುತ್ತದೆ. ಆ ಕೊಯ್ತವನ್ನು ತಗಡಿನಲ್ಲಿ ಕತ್ತರಿಸಿ ಅರ್ಧ ಕೆತ್ತಿದ ಕಲ್ಲಿಗೆ ಅಡ್ಡಲಾಗಿ ಹಿಡಿದಾಗ, ತಗಡು ತಾಕಿದ ಕಡೆ ಕಲ್ಲು ಇನ್ನೂ ಉಳಿದಿದೆ, ಸಂದಿನಲ್ಲಿ ಬೆಳಕು ಕಂಡ ಕಡೆ ಉಳಿ ಆಗಲೇ ಹೆಚ್ಚು ಇಳಿದಿದೆ ಎಂದು ಶಿಲ್ಪಿಗೆ ತಿಳಿಯುತ್ತದೆ.